ಸ್ಟೇರಿಂಗ್ ಕುಂಯ್ ಅಂದರೆ ತಾತ ತಿರುಗಿಸಲಿ, ಮೊಮ್ಮಗಳು ಕೇಳಲಿ

ಎತ್ತಿನ ಗಾಡಿಗಳೇ ಓಡಾಡುತ್ತಿದ್ದ ಕಾಲದಲ್ಲಿ ನಮ್ಮ ಕಿರಂಗೂರು ಸೀಮೆಯ ಗಾಡಿಗಳ ಕೆಳಗೆ ಒಂದು ಬಿದಿರಿನ ಕೊಳವೆ ತೂಗಾಡುತ್ತಿತ್ತು. ಅದರೊಳಗೆ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಬೆರೆಸಿ ಮಾಡಿದ ಕಪ್ಪು ಮುದ್ದೆ ಅದು. ಕಬ್ಬು ತುಂಬಿಕೊಂಡು ಪಾಂಡವಪುರದ ಸಕ್ಕರೆ ಕಾರ್ಖಾನೆಗೋ ಹತ್ತಿರದ ಆಲೆಮನೆಗೋ ಹೊರಟ ಗಾಡಿಯ ಅಚ್ಚು ಕಿರ್‍ರೋ ಎಂದು ಕೂಗಿದರೆ ಗಾಡಿ ಹೊಡೆಯುವವರು ನಿಲ್ಲಿಸಿ, ಕೀಲಿಗೆ ಎಣ್ಣೆ ಹಚ್ಚಿ ಮುಂದಕ್ಕೆ ಹೋಗುತ್ತಿದ್ದರು. ಕೂಗುವ ಜಾಗ ಒಂದೇ, ಹಚ್ಚುವ ಎಣ್ಣೆಯೂ ಒಂದೇ.

ಈಗ ಅದೇ ದಾರಿಯಲ್ಲಿ ಕಾರುಗಳು ಓಡುತ್ತವೆ. ಕಾರಿನ ಸ್ಟೇರಿಂಗ್ ತಿರುಗಿಸುವಾಗ ಕುಂಯ್ ಎಂದರೆ ಕೂಗಿದ್ದು ಯಾವ ಜಾಗ ಎಂದು ಹೇಳುವುದು ಸುಲಭವಲ್ಲ. ಹತ್ತು ಕಡೆ ಕೂಗಬಹುದು. ಹತ್ತರಲ್ಲಿ ಎಂಟು ನಿರುಪದ್ರವಿ, ಎರಡು ಅಪಾಯಕಾರಿ ಎಂದಿಟ್ಟುಕೊಳ್ಳಿ. ಆ ಎರಡು ಯಾವುವು ಎಂದು ಗುರುತಿಸುವುದೇ ಮುಖ್ಯ.

ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ತಾಳೆ ನೋಡುತ್ತಾ ನಿವೃತ್ತನಾದವನು. ಆದರೆ ಲೆಕ್ಕದ ತಪ್ಪು ಹುಡುಕುವುದಕ್ಕೂ ಕಾರಿನ ಶಬ್ದ ಹುಡುಕುವುದಕ್ಕೂ ತುಂಬಾ ಹೋಲಿಕೆ ಇದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಕೀರಲು ದನಿ ಹುಟ್ಟುವುದು ಹೇಗೆ?

ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡಿ. ಚೆನ್ನಾಗಿ ತೊಳೆದ ಸ್ಟೀಲ್ ತಟ್ಟೆಯ ಮೇಲೆ ಒದ್ದೆ ಬೆರಳನ್ನು ಒತ್ತಿ ಎಳೆಯಿರಿ. ಕೀಂಯ್ ಎನ್ನುತ್ತದೆ. ಅದೇ ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಎಳೆಯಿರಿ. ದನಿ ಇಲ್ಲ.

ಎಣ್ಣೆ ಇಲ್ಲದ ಬೆರಳು ತಟ್ಟೆಯ ಮೇಲೆ ನುಣ್ಣಗೆ ಜಾರುವುದಿಲ್ಲ. ಒಂದು ಕ್ಷಣ ಅಂಟಿಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ಇದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ನಡೆದಾಗ ಗಾಳಿ ಅದುರಿ ದನಿಯಾಗುತ್ತದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಕಿರುಚುವುದು, ಬಾಗಿಲ ತಿರುಗಣಿ ಕಿರ್‍ರೆನ್ನುವುದು, ಉಯ್ಯಾಲೆಯ ಕೊಂಡಿ ಕೂಗುವುದು ಎಲ್ಲವೂ ಇದೇ.

ಪಿಟೀಲು ನುಡಿಯುವುದೂ ಹೀಗೆಯೇ ಎಂದರೆ ನಂಬುತ್ತೀರಾ? ಕಮಾನಿನ ಕೂದಲಿಗೆ ರಾಳ ತಿಕ್ಕುತ್ತಾರೆ. ರಾಳ ತಂತಿಯನ್ನು ಹಿಡಿಯುತ್ತದೆ, ತಂತಿ ಬಿಡಿಸಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ನಮ್ಮ ಪಕ್ಕದ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಈ ಹಿಡಿ-ಬಿಡುವಿನಿಂದಲೇ ನಾದ ತೆಗೆದರು. ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವನ್ನು ನೀವು ನೋಡಿರಬಹುದು. ಅವರ ಕೈಯಲ್ಲಿ ನಾದವಾಗಿದ್ದು ಕಾರಿನ ಒಣಗಿದ ರಬ್ಬರಿನಲ್ಲಿ ಕುಂಯ್ ಆಗುತ್ತದೆ. ವಿಜ್ಞಾನ ಮಾತ್ರ ಒಂದೇ.

ಹಾಗಾಗಿ ನೆನಪಿಡಿ: ಸ್ಟೇರಿಂಗ್ ಕುಂಯ್ ಎಂದರೆ ಎಲ್ಲೋ ಎರಡು ವಸ್ತುಗಳು ಒಂದನ್ನೊಂದು ಒಣದಾಗಿ ಉಜ್ಜುತ್ತಿವೆ.

ಕೈಯಿಂದ ಟೈರಿನವರೆಗೆ

ಎತ್ತಿನ ಗಾಡಿಗೆ ಸ್ಟೇರಿಂಗ್ ಇಲ್ಲ. ಒಳಗಿನ ಎತ್ತು ನಿಧಾನಿಸುತ್ತದೆ, ಹೊರಗಿನದು ಬೀಸಾಗಿ ನಡೆಯುತ್ತದೆ, ಗಾಡಿ ತಿರುಗುತ್ತದೆ. ತೇರಿಗೂ ಇಲ್ಲ. ಗಾಲಿಯಡಿ ಮರದ ತುಂಡು ಕೊಟ್ಟು ತಿರುಗಿಸುತ್ತಾರೆ. ಕಾರು ಹಾಗಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಹೆಚ್ಚು ಹೊರಳಬೇಕು, ಹೊರಗಿನದು ಕಡಿಮೆ. ಸಾಲಾಗಿ ಕೈ ಹಿಡಿದು ಸುತ್ತುವ ಮಕ್ಕಳಲ್ಲಿ ಒಳಗಿನವನು ನಿಂತಲ್ಲೇ ತಿರುಗಿದರೆ ಹೊರಗಿನವನು ದೊಡ್ಡ ಸುತ್ತು ಓಡುತ್ತಾನಲ್ಲ, ಹಾಗೆ. ಇದಕ್ಕೆ ತಕ್ಕ ಜೋಡಣೆಯನ್ನು 1817ರಲ್ಲಿ ಜರ್ಮನಿಯ ಸಾರೋಟು ತಯಾರಕ ಲಾಂಕೆನ್‌ಸ್ಪರ್ಗರ್ ಕಂಡುಹಿಡಿದ. ಮರುವರ್ಷ ಇಂಗ್ಲೆಂಡಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ ಆಕರ್‌ಮನ್‌ನ ಹೆಸರೇ ಅದಕ್ಕೆ ಉಳಿಯಿತು.

ಇಂದಿನ ಕಾರಿನಲ್ಲಿ ನಿಮ್ಮ ಕೈಯಿಂದ ಟೈರಿನವರೆಗೆ ಒಂದು ಸರಪಳಿಯೇ ಇದೆ. ಮೊದಲು ಸ್ಟೇರಿಂಗ್ ಚಕ್ರ. ಅದರ ಹಿಂದೆ ಪ್ಲಾಸ್ಟಿಕ್ ಮುಚ್ಚಳ. ಆಮೇಲೆ ಕಬ್ಬಿಣದ ದಂಡ. ಅದು ಪೆಡಲ್‌ಗಳ ಹತ್ತಿರ ಒಂದು ರಬ್ಬರ್ ತೋಳಿನ ಮೂಲಕ ತೂರಿ ಎಂಜಿನ್ ಕಡೆಗೆ ಹೋಗುತ್ತದೆ. ಕೆಳಗೆ ಸಣ್ಣ ಹಲ್ಲಿನ ಚಕ್ರವೊಂದು ಉದ್ದನೆಯ ಹಲ್ಲುಪಟ್ಟಿಯನ್ನು ಎಡಕ್ಕೂ ಬಲಕ್ಕೂ ಎಳೆಯುತ್ತದೆ. ಇದನ್ನೇ ರ‍್ಯಾಕ್ ಎನ್ನುತ್ತಾರೆ. ಅದರ ಎರಡು ತುದಿಗೆ ಟೈ ರಾಡ್. ಟೈ ರಾಡಿನ ತುದಿಯಲ್ಲೂ ಚಕ್ರದ ಬುಡದಲ್ಲೂ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ನಮ್ಮ ಭುಜದ ಕೀಲಿನ ಹಾಗೆ, ಬಟ್ಟಲಿನೊಳಗೆ ಕೂತ ಗುಂಡು. ಎಲ್ಲಾ ದಿಕ್ಕಿಗೂ ಹೊರಳುತ್ತದೆ. ಕೊನೆಗೆ ಶಾಕ್ ಅಬ್ಸಾರ್ಬರ್‌ನ ನೆತ್ತಿಯಲ್ಲಿ ಒಂದು ಬೇರಿಂಗ್.

ಇದರ ಜೊತೆಗೆ ಪವರ್ ಸ್ಟೇರಿಂಗ್ ಇದೆ. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೇರಿಂಗ್ ಮಾರಾಟಕ್ಕೆ ಬಂತು. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ವಿದ್ಯುತ್ ಮೋಟಾರಿನದು ಬಂತು. ಈಚಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಮೋಟಾರಿನದೇ. ನಿಮ್ಮ ಕಾರಿನದು ಯಾವುದು ಎಂದು ಕೈಪಿಡಿ ನೋಡಿ ಮೊದಲೇ ತಿಳಿದುಕೊಳ್ಳಿ. ಎಣ್ಣೆಯದಾದರೆ ಬಾನೆಟ್ ಒಳಗೆ ಅದರ ಸಣ್ಣ ಡಬ್ಬಿ ಇರುತ್ತದೆ.

ತಾತನಿಗೆ ಕೇಳದ ದನಿ

ಇನ್ನು ನಮ್ಮ ಮನೆಯ ವಿಷಯ. ನಮ್ಮ ಹಳೆಯ ಸಣ್ಣ ಕಾರಿನ ದನಿಯನ್ನು ಮೊದಲು ಕೇಳಿದ್ದು ನನ್ನ ಮೊಮ್ಮಗಳು. ಆರನೇ ತರಗತಿ ಅವಳು. "ತಾತ, ನೀನು ಎಡಕ್ಕೆ ತಿರುಗಿಸ್ದಾಗೆಲ್ಲ ಇಲಿ ಕೂಗ್ದಂಗೆ ಕೂಗ್ತದೆ" ಎಂದಳು. ನನಗೆ ಏನೂ ಕೇಳಿಸುತ್ತಿರಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಎಳೆಯ ಕಿವಿಗೆ ಸೆಕೆಂಡಿಗೆ 20ರಿಂದ ಸುಮಾರು 20,000 ಕಂಪನಗಳವರೆಗಿನ ದನಿ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿಯ ತೆಳು ದನಿಗಳು ಮೊದಲು ಕಳೆದುಹೋಗುತ್ತವೆ. ನನ್ನ ವಯಸ್ಸಿನವರಿಗೆ ಎಂಜಿನ್ನಿನ ಗುಡುಗುಡು ಕೇಳುತ್ತದೆ, ತೆಳುವಾದ ಕೀರಲು ಕೇಳದೇ ಹೋಗಬಹುದು. ಆದ್ದರಿಂದ ನನ್ನ ವಯಸ್ಸಿನ ತಾತ-ಅಜ್ಜಿಯರೇ, ಮಗು ಶಬ್ದ ಬರುತ್ತಿದೆ ಎಂದಾಗ "ಏನಿಲ್ಲ, ಸುಮ್ನೆ ಕೂತ್ಕೋ" ಎನ್ನಬೇಡಿ. ಅವರ ಕಿವಿ ನಮ್ಮ ಕಿವಿಗಿಂತ ಚುರುಕು.

ಗ್ಯಾರೇಜೊಂದಕ್ಕೆ ಒಯ್ದೆ. ಒಂದು ಸುತ್ತು ಓಡಿಸಿ ನೋಡಿ, "ರ‍್ಯಾಕ್ ಪೂರ್ತಿ ಬದಲಾಯಿಸ್ಬೇಕು ಸಾರ್" ಎಂದರು. ಸಾವಿರಾರು ರೂಪಾಯಿಯ ಮಾತು. ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿದೆ. ಉತ್ತರ ಬರಲಿಲ್ಲ. ಕಾರು ತೆಗೆದುಕೊಂಡು ಮನೆಗೆ ಬಂದೆ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಇಡೀ ಲೆಡ್ಜರನ್ನು ಹರಿದು ಹೊಸದಾಗಿ ಬರೆಯುತ್ತಿರಲಿಲ್ಲ. ವ್ಯತ್ಯಾಸವನ್ನೇ ದಿಟ್ಟಿಸಿ ನೋಡುತ್ತಿದ್ದೆವು. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 871ರ ಬದಲು 817 ಎಂದು ಬರೆದರೆ ವ್ಯತ್ಯಾಸ 54. ಭಾಗಿಸಿ ನೋಡಿ, 9 ಆರಲಿ 54. ವ್ಯತ್ಯಾಸ 2ರಿಂದ ಭಾಗವಾದರೆ ಅದರ ಅರ್ಧದಷ್ಟು ಮೊತ್ತ ಜಮೆಯ ಬದಲು ಖರ್ಚಿಗೆ ಹೋಗಿರಬಹುದು. ತಪ್ಪು ತಾನಿರುವ ಜಾಗವನ್ನು ತಾನೇ ಹೇಳುತ್ತದೆ, ಕೇಳಿಸಿಕೊಳ್ಳುವ ತಾಳ್ಮೆ ಬೇಕು ಅಷ್ಟೆ. ಕಾರಿನ ಶಬ್ದವೂ ಹಾಗೆಯೇ.

ಕೇಳಬೇಕಾದ ನಾಲ್ಕು ಪ್ರಶ್ನೆ

ಮೊಮ್ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಗೀಚಿದಳು. ಒಂದು ವಾರ ಬರೆದಿಟ್ಟಳು. ನೀವೂ ಹಾಗೆ ಮಾಡಬಹುದು.

1. ಕಾರು ನಿಂತಿದ್ದಾಗ ಕೂಗುತ್ತದೆಯೋ, ಓಡುವಾಗಲೋ? ನಿಂತಿದ್ದಾಗಲೂ ಕೂಗಿದರೆ ಬ್ರೇಕು, ಚಕ್ರದ ಬೇರಿಂಗುಗಳ ಮೇಲಿನ ಅನುಮಾನ ಹೋಯಿತು.

2. ಎಡಕ್ಕೋ, ಬಲಕ್ಕೋ, ಎರಡೂ ಕಡೆಗೋ? ಪೂರ್ತಿ ತಿರುಗಿಸಿ ಹಿಡಿದಾಗ ಮಾತ್ರವೋ?

3. ಯಾವ ಹೊತ್ತಿನಲ್ಲಿ? ಚಳಿಯ ಬೆಳಿಗ್ಗೆ ಕೂಗಿ ಮಧ್ಯಾಹ್ನ ಸುಮ್ಮನಾದರೆ, ಮಳೆ ಬಂದ ದಿನ ಅಥವಾ ಕಾರು ತೊಳೆದ ದಿನ ನಿಂತುಹೋದರೆ ಅದು ಹೆಚ್ಚಾಗಿ ರಬ್ಬರಿನ ದನಿ. ಚಳಿಗೆ ರಬ್ಬರ್ ಗಡುಸಾಗುತ್ತದೆ. ನೀರು ಕೆಲಹೊತ್ತು ಎಣ್ಣೆಯ ಕೆಲಸ ಮಾಡುತ್ತದೆ.

4. ಒಳಗೆ ಜೋರಾಗಿ ಕೇಳುತ್ತದೆಯೋ, ಹೊರಗೋ? ಒಬ್ಬರು ಸೀಟಿನಲ್ಲಿ, ಒಬ್ಬರು ಹೊರಗೆ ಪಕ್ಕದಲ್ಲಿ ನಿಂತು ಕೇಳಬೇಕು.

ಈ ಪರೀಕ್ಷೆಯನ್ನು ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರು ನ್ಯೂಟ್ರಲ್‌ನಲ್ಲಿಟ್ಟು ಮಾಡಿ. ಮಕ್ಕಳು ಕಾರಿನ ಮುಂದೆಯೂ ಹಿಂದೆಯೂ ನಿಲ್ಲಬಾರದು. ಚಕ್ರದ ಹತ್ತಿರ ಕೈ ತರಬಾರದು. ಎಂಜಿನ್ ಓಡುವಾಗ ತೆರೆದ ಬಾನೆಟ್ ಕಡೆಗೆ ಹೋಗಲೇಬಾರದು. ಅಲ್ಲಿ ಬೆಲ್ಟು, ಫ್ಯಾನು ತಿರುಗುತ್ತಿರುತ್ತವೆ.

ಜಾಗ ಇನ್ನೂ ಖಚಿತವಾಗಬೇಕಾದರೆ ವೃತ್ತಪತ್ರಿಕೆಯನ್ನು ಕೊಳವೆಯಂತೆ ಸುರುಳಿ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅನುಮಾನದ ಜಾಗದ ಕಡೆಗೆ ಹಿಡಿಯಿರಿ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಹೀಗೆ ಕಾಗದ ಸುತ್ತಿ ರೋಗಿಯ ಎದೆಬಡಿತ ಕೇಳಿದ. ಡಾಕ್ಟರ ಸ್ಟೆತಾಸ್ಕೋಪ್ ಹುಟ್ಟಿದ್ದು ಅದರಿಂದಲೇ.

ಯಾವ ದನಿ, ಯಾವ ಜಾಗ?

ನಯವಾದ ಗಾರೆ ನೆಲದಲ್ಲಿ, ಮಾಲ್‌ಗಳ ಕೆಳಗಿನ ಬಣ್ಣ ಬಳಿದ ಪಾರ್ಕಿಂಗ್‌ನಲ್ಲಿ ಮಾತ್ರ ಕೀಂವ್ ಎಂದರೆ ಅದು ಟೈರು ನೆಲಕ್ಕೆ ಉಜ್ಜುವ ದನಿ. ರೋಗವೇ ಅಲ್ಲ. ಮಣ್ಣಿನ ನೆಲದ ಮೇಲೆ ತಿರುಗಿಸಿ ನೋಡಿ, ಇರುವುದಿಲ್ಲ.

ಸ್ಟೇರಿಂಗ್ ಚಕ್ರದ ಹಿಂದೆಯೇ ಸರ್ ಸರ್ ಎಂದು ಉಜ್ಜಿದಂತೆ ಕೇಳಿದರೆ ಪ್ಲಾಸ್ಟಿಕ್ ಮುಚ್ಚಳ ತಗುಲುತ್ತಿರಬಹುದು, ಇಲ್ಲವೇ ಒಳಗಿನ ಸುರುಳಿ ತಂತಿ ಇರಬಹುದು. ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಅಲ್ಲಿ ಗಾಳಿಚೀಲ ಮಡಿಸಿಟ್ಟಿರುತ್ತದೆ. ತಿಳಿಯದೆ ಕೈ ಹಾಕಿದರೆ ಸಿಡಿಯುತ್ತದೆ.

ಪೆಡಲ್‌ಗಳ ಹತ್ತಿರ, ಕಾಲ ಬಳಿ ಕುಂಯ್ ಎಂದರೆ ದಂಡ ತೂರುವ ರಬ್ಬರ್ ತೋಳು ಒಣಗಿದೆ.

ಎಣ್ಣೆಯ ಪವರ್ ಸ್ಟೇರಿಂಗ್ ಕಾರಿನಲ್ಲಿ ಪೂರ್ತಿ ತಿರುಗಿಸಿದಾಗ ಬಾನೆಟ್ ಒಳಗಿನಿಂದ ಕಿರುಚಿದರೆ ಬೆಲ್ಟ್ ಸಡಿಲಾಗಿ ಜಾರುತ್ತಿದೆ. ಕೊಂಯ್ ಎಂದು ನರಳಿದರೆ ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾಗಿರಬಹುದು. ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿ. ಮತ್ತೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಚಕ್ರದ ನೆತ್ತಿಯಲ್ಲಿ, ನಿಂತಲ್ಲೇ ತಿರುಗಿಸುವಾಗ ಸ್ಪ್ರಿಂಗ್ ಹಾರಿದಂತೆ ಟೊಂಯ್ ಎಂದರೆ ಶಾಕ್ ಅಬ್ಸಾರ್ಬರ್ ಮೇಲಿನ ಬೇರಿಂಗ್ ಸವೆದಿದೆ. ಬೇಗ ತೋರಿಸಿ.

ಓಡುತ್ತಾ ತಿರುಗುವಾಗ ಟಕ್ ಟಕ್ ಎಂದರೆ ಅದು ಸ್ಟೇರಿಂಗ್ ಅಲ್ಲ. ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ನ ಕೀಲು. ಅದನ್ನೂ ಮುಂದೂಡಬೇಡಿ.

ಹಂಪ್ ಹತ್ತಿ ಇಳಿಯುವಾಗಲೂ ತಿರುಗಿಸುವಾಗಲೂ ಚಕ್ರದ ಬುಡದಲ್ಲಿ ಕಿರ್‍ರ್ ಎಂದರೆ, ಜೊತೆಗೆ ಸ್ಟೇರಿಂಗ್ ಸಡಿಲವೆನಿಸಿದರೆ, ಕಾರು ಒಂದು ಕಡೆಗೆ ಎಳೆದರೆ, ಬಾಲ್ ಜಾಯಿಂಟ್ ಅಥವಾ ಟೈ ರಾಡ್ ತುದಿ. ಇದೇ ನಾನು ಮೊದಲು ಹೇಳಿದ ಅಪಾಯದ ಗುಂಪು. ಗ್ಯಾರೇಜಿಗೆ ಇಂದೇ ಹೋಗಬೇಕು, ನಿಧಾನವಾಗಿ ಹೋಗಬೇಕು.

ಕೂಗಿದ್ದು ಒಂದು, ಕೆಟ್ಟಿದ್ದು ಇನ್ನೊಂದು

ಮೊಮ್ಮಗಳ ಪಟ್ಟಿ ಹೀಗಿತ್ತು: ನಿಂತಿದ್ದಾಗಲೂ ಕೂಗುತ್ತದೆ, ಎಡಕ್ಕೆ ಹೆಚ್ಚು, ಬೆಳಿಗ್ಗೆ ಹೆಚ್ಚು, ಮಳೆಯ ಸಂಜೆ ಇಲ್ಲ, ಒಳಗೆ ಜೋರು. ಕಾಗದದ ಕೊಳವೆ ತೋರಿದ್ದು ಪೆಡಲ್‌ಗಳ ಮೇಲಿನ ರಬ್ಬರ್ ತೋಳನ್ನು. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಅಲ್ಲಿಗಷ್ಟೇ ಎರಡು ಸಲ ನೀರು ಚಿಮುಕಿಸಿದೆ. ಚಕ್ರ ತಿರುಗಿಸಿದೆ. "ನಿಂತೋಯ್ತು ತಾತ!" ಎಂದು ಚಪ್ಪಾಳೆ ತಟ್ಟಿದಳು. ಹತ್ತು ನಿಮಿಷಕ್ಕೆ ನೀರು ಆರಿ ಇಲಿ ಮತ್ತೆ ಕೂಗಿತು. ಲೆಕ್ಕ ತಾಳೆಯಾಯಿತು.

ಒಂದು ಎಚ್ಚರಿಕೆ. ನೀರು ಚಿಮುಕಿಸುವುದು ಒಂದು ಸಲಕ್ಕೆ ಒಂದೇ ಜಾಗಕ್ಕೆ. ಎಲ್ಲ ಕಡೆ ಒಟ್ಟಿಗೆ ಚಿಮುಕಿಸಿದರೆ ನಿಂತಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ತಂತಿಗಳು ಸೇರುವ ಕಡೆ ನೀರು ಬೀಳಲೇಬಾರದು.

ಅದಕ್ಕೆ ಹಚ್ಚಬೇಕಾದ್ದು ಸಿಲಿಕೋನ್ ಗ್ರೀಸ್. ಕೊಬ್ಬರಿ ಎಣ್ಣೆಯೂ ಬೇಡ, ಸೀಮೆಎಣ್ಣೆಯೂ ಬೇಡ, ಎಂಜಿನ್ ಆಯಿಲ್ಲೂ ಬೇಡ. ಸೀಮೆಎಣ್ಣೆ, ಎಂಜಿನ್ ಆಯಿಲ್‌ಗಳಿಗೆ ಹಲವು ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಇಂದು ದನಿ ನಿಲ್ಲುತ್ತದೆ, ಆರು ತಿಂಗಳಿಗೆ ರಬ್ಬರೇ ಹೋಗುತ್ತದೆ. ಬ್ರೇಕಿನ ಮೇಲೆ, ಬೆಲ್ಟಿನ ಮೇಲೆ ಯಾವ ಎಣ್ಣೆಯ ತೊಟ್ಟೂ ಬೀಳಬಾರದು.

ಗ್ರೀಸ್ ಹಚ್ಚಿಸಲು ಶ್ರೀರಂಗಪಟ್ಟಣದಲ್ಲಿ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ನೋಟ್‌ಬುಕ್ ಓದಿ ನಕ್ಕು, "ಅರ್ಧ ಕೆಲ್ಸ ನಿಮ್ಮ ಮೊಮ್ಮಗಳೇ ಮಾಡವ್ಳೆ ಬುಡಿ ಸಾ" ಎಂದರು. ಐದು ನಿಮಿಷದಲ್ಲಿ ಗ್ರೀಸ್ ಹಚ್ಚಿದರು. ಆಮೇಲೆ ನಾನು ಕೇಳಿಕೊಂಡೆ: "ಎಡಕ್ಕೆ ಹೆಚ್ಚು ಕೂಗ್ತಿತ್ತು ಅಂತ ಬರೆದವಳೆ. ಮುಂದಿನ ಎರಡೂ ಚಕ್ರ ಎತ್ತಿ ನೋಡಿಬಿಡಿ."

ಜ್ಯಾಕ್ ಕೊಟ್ಟು, ಕೆಳಗೆ ಭದ್ರವಾದ ಸ್ಟ್ಯಾಂಡ್ ಇಟ್ಟು ಚಕ್ರ ಎತ್ತಿದರು. ಗಡಿಯಾರದಲ್ಲಿ 9 ಮತ್ತು 3 ಇರುವ ಜಾಗದಲ್ಲಿ ಎರಡು ಕೈ ಇಟ್ಟು ಅಲ್ಲಾಡಿಸಿದರು. ಅಲುಗಲಿಲ್ಲ. ಟೈ ರಾಡ್ ಸರಿ ಇದೆ. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರು. ಎಡಗಡೆಯ ಚಕ್ರ ಕಟಕ್ ಎಂದು ಅಲುಗಿತು. ಟಾರ್ಚ್ ಹಿಡಿದು ನೋಡಿದರೆ ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿ ಹರಿದಿತ್ತು. ಒಳಗಿನ ಗ್ರೀಸ್ ಹೋಗಿ ಕೆಸರು ನೀರು ಸೇರಿ ತುಕ್ಕು ಹಿಡಿದಿತ್ತು. "ಇದು ಇನ್ನೂ ಕೂಗಕ್ಕೆ ಸುರು ಮಾಡಿಲ್ಲ. ಕೂಗೋ ಹೊತ್ಗೆ ಲೇಟಾಗಿರ್ತಿತ್ತು" ಎಂದರು.

ಬ್ಯಾಂಕಿನಲ್ಲೂ ಹೀಗಾಗುತ್ತಿತ್ತು. ಒಂಬತ್ತು ರೂಪಾಯಿಯ ವ್ಯತ್ಯಾಸ ಹುಡುಕಲು ಹೊರಟು ಯಾರ ಕಣ್ಣಿಗೂ ಬೀಳದ ದೊಡ್ಡ ತಪ್ಪೊಂದು ಸಿಗುತ್ತಿತ್ತು. ರ‍್ಯಾಕ್ ಬದಲಾಯಿಸಬೇಕಾಗಲೇ ಇಲ್ಲ. ಬಾಲ್ ಜಾಯಿಂಟ್ ಬದಲಾಯಿತು, ವೀಲ್ ಅಲೈನ್‌ಮೆಂಟ್ ಮಾಡಿಸಿದೆವು.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ಬಾಲ್ ಜಾಯಿಂಟಿನ ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಸ್ಟೇರಿಂಗ್ ಕೈಯಲ್ಲಿದ್ದರೂ ಕಾರು ನಮ್ಮ ಮಾತು ಕೇಳುವುದಿಲ್ಲ. ನಮ್ಮೂರ ಮಗ್ಗುಲಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ಹಾದುಹೋಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 119 ಕಿಲೋಮೀಟರ್ ದಾರಿ ಅದು. ಮಕ್ಕಳೇ, ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಷ್ಟು ಮೀಟರ್? 1,00,000ವನ್ನು 3,600ರಿಂದ ಭಾಗಿಸಿ. ಸುಮಾರು 28 ಮೀಟರ್. ಒಂದು ಸಲ ಕಣ್ಣು ಪಿಳುಕಿಸಿ "ಏನದು?" ಎನ್ನುವಷ್ಟರಲ್ಲಿ ಕಾರು ಶಾಲೆಯ ಉದ್ದನೆಯ ಕೊಠಡಿಗಳನ್ನು ದಾಟಿರುತ್ತದೆ.

ಹೊಗೆ ತಪಾಸಣೆಯಲ್ಲಿ ನೋಡುವುದು ಹೊಗೆ ಮಾತ್ರ, ಸ್ಟೇರಿಂಗ್ ಅಲ್ಲ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಅದರ ನಡುವಿನ ದಿನಗಳಲ್ಲಿ ಕಾರನ್ನು ನೋಡಿಕೊಳ್ಳಬೇಕಾದವರು ನಾವೇ.

ಮಕ್ಕಳೇ, ಮುಂದಿನ ಭಾನುವಾರ ನಿಮಗೊಂದು ಕೆಲಸ. ಮನೆಯಲ್ಲಿ ಕಾರಿದ್ದರೆ ದೊಡ್ಡವರನ್ನು ಕೂರಿಸಿ ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳಿ. ರೇಡಿಯೋ ಆರಿಸಿ, ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಕೇಳಿ. ಕೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ಕಾರಿಲ್ಲದ ಮನೆಯವರು ಸೈಕಲ್ಲಿನ ಹ್ಯಾಂಡಲ್ ತಿರುಗಿಸಿ ನೋಡಿ, ಅದಕ್ಕೂ ಕೀಲಿದೆ.

ತಾತ-ಅಜ್ಜಿಯರೇ, ಗ್ಯಾರೇಜಿಗೆ ಹೋಗುವಾಗ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಸಾಧ್ಯವಾದರೆ ಅದನ್ನು ಬರೆದ ಮಗುವನ್ನೂ ಕರೆದುಕೊಂಡು ಹೋಗಿ.